ಗೃಹಾರೋಗ್ಯ ವಿಚಾರ: ಸಾಂದ್ರಸ್ತನವೂ ಎರಡನೆಯ ಚಿತ್ರವೂ

ಇಂಗ್ಲಿಷ್ ಕಾಗದವೇನಾದರೂ ಮನೆಗೆ ಬಂದರೆ ಅದನ್ನು ಹಳೆಯ ಮಾಸ್ತರರಿಂದ ಓದಿಸಿಕೊಳ್ಳುವ ಪದ್ಧತಿಯು ನಮ್ಮ ಅಬಲೂರಿನಲ್ಲಿ ಇನ್ನೂ ಅಳಿದಿಲ್ಲ. ಕಳೆದ ತಿಂಗಳು ಗೃಹಸ್ಥರೊಬ್ಬರು ತಮ್ಮ ಪತ್ನಿಯ ಮ್ಯಾಮೊಗ್ರಾಮ್ ವರದಿಯನ್ನು ತಂದಿದ್ದರು. ದೋಷವೇನೂ ಕಾಣಲಿಲ್ಲವೆಂದು ಅದರಲ್ಲಿ ಬರೆದಿದ್ದಿತು. ಕೆಳಗೆ, ಸ್ತನವು ಅತಿ ಸಾಂದ್ರವಾಗಿರುವುದೆಂದು ಇನ್ನೊಂದು ಸಾಲೂ ಇದ್ದಿತು. ಮೊದಲನೆಯ ಸಾಲನ್ನು ಕೇಳಿದೊಡನೆ ಅವರು ಸಂತೋಷದಿಂದ ಎದ್ದೇಬಿಟ್ಟರು. ಎರಡನೆಯದರ ಅರ್ಥವನ್ನು ತಿಳಿಸಲು ಅವರನ್ನು ಮತ್ತೆ ಕುಳ್ಳಿರಿಸಬೇಕಾಯಿತು. ವಾಚಕರಿಗೂ ಈ ಸಲ ಅದನ್ನೇ ನಿವೇದಿಸುವೆನು. (ಅಮರಕೋಶವನ್ನು ಬಾಯಿಪಾಠ ಒಪ್ಪಿಸುವಾಗ ಸ್ತನವೆಂಬ ಶಬ್ದಕ್ಕೆ ನಾಚದ ನಾಲಗೆಯು ಮನೆಯಲ್ಲಿ ರೋಗದ ಮಾತು ಬಂದಾಗ ಏಕೆ ನಾಚಬೇಕೋ ಕಾಣೆ.)

ಸ್ತನದಲ್ಲಿ ಹಾಲಿನ ಗ್ರಂಥಿಗಳೂ ಅವಕ್ಕೆ ಆಧಾರವಾದ ತಂತುಗಳೂ ಕೊಬ್ಬೂ ಕೂಡಿಕೊಂಡಿರುವುವು. ಗ್ರಂಥಿ ತಂತುಗಳು ಹೆಚ್ಚಾಗಿ ಕೊಬ್ಬು ಕಡಿಮೆಯಾಗಿದ್ದರೆ ಅದು ಸಾಂದ್ರಸ್ತನ. ದೊಡ್ಡದೆಂದಾಗಲಿ, ಮುಟ್ಟಿದರೆ ಗಟ್ಟಿಯೆಂದಾಗಲಿ ಇದರ ಅರ್ಥವಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಮಾತ್ರ ಇದು ಗೊತ್ತಾಗತಕ್ಕದ್ದು. ಇದು ರೋಗವೂ ಅಲ್ಲ. ಆದರೆ ಅರ್ಬುದದ, ಎಂದರೆ ಕ್ಯಾನ್ಸರಿನ, ಸಂಭವವನ್ನು ಇದು ಸ್ವಲ್ಪ ಹೆಚ್ಚಿಸುವುದು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದುಂಟು. ಆ ಚಿತ್ರದಲ್ಲಿ ಕೊಬ್ಬು ಕಪ್ಪಾಗಿಯೂ ಗ್ರಂಥಿಗಳು ಬೆಳ್ಳಗೂ ತೋರುವುವು. ಅರ್ಬುದವೂ ಬೆಳ್ಳಗೇ ತೋರುವುದು. ಎರೆಹೊಲದಲ್ಲಿ ಬಿದ್ದ ಸುಣ್ಣದ ಹರಳನ್ನು ಯಾರಾದರೂ ಹುಡುಕಿಯಾರು. ಹತ್ತಿಯ ರಾಶಿಯಲ್ಲಿ ಬಿದ್ದುದನ್ನು ಹುಡುಕುವ ಬಗೆ ಹೇಗೆ?

ಅಮೇರಿಕೆಯ ಕನೆಕ್ಟಿಕಟ್ ಪ್ರಾಂತದ ನ್ಯಾನ್ಸಿ ಕ್ಯಾಪೆಲ್ಲೊ ಎಂಬಾಕೆಗೆ 2004ರಲ್ಲಿ ಹೀಗೆಯೇ ಆಯಿತು. ಮ್ಯಾಮೊಗ್ರಾಮ್ ನಿರ್ದೋಷವೆಂದಿತು, ಕೆಲವು ವಾರಗಳಲ್ಲಿಯೇ ವೈದ್ಯರ ಕೈಗೆ ಗಂಟು ಹತ್ತಿತು, ಅಷ್ಟರಲ್ಲಿ ರೋಗವು ಕಂಕುಳಿಗೆ ಹಬ್ಬಿದ್ದಿತು. ತನ್ನ ಸ್ತನವು ಸಾಂದ್ರವೆಂಬ ಸಂಗತಿಯನ್ನು ಅದುವರೆಗೆ ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಯ ಹೋರಾಟದಿಂದ 2009ರಲ್ಲಿ ಆ ಪ್ರಾಂತದಲ್ಲಿ, ಇದನ್ನು ರೋಗಿಗೆ ತಿಳಿಸಲೇಬೇಕೆಂಬ ಕಾಯಿದೆಯಾಯಿತು. ದೇಶಕ್ಕೆಲ್ಲ ಅಂಥ ನಿಯಮವು 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಆಕೆಯು 2018ರಲ್ಲಿಯೇ ತೀರಿಕೊಂಡಿದ್ದಳು.

ಇಂಥವರಿಗೆ ಎರಡನೆಯ ಚಿತ್ರವು ಪ್ರಯೋಜನಕಾರಿಯೇ? ಜಪಾನಿನಲ್ಲಿ ನಲವತ್ತರಿಂದ ನಲವತ್ತೊಂಬತ್ತರ ವಯಸ್ಸಿನ ಸುಮಾರು 73 ಸಾವಿರ ಸ್ತ್ರೀಯರನ್ನು ಪರೀಕ್ಷಿಸಿದರು. ಮ್ಯಾಮೊಗ್ರಾಮ್ ಒಂದರಿಂದಲೇ ನೂರಕ್ಕೆ 77 ಅರ್ಬುದಗಳು ಪತ್ತೆಯಾದುವು. ಅಲ್ಟ್ರಾಸೌಂಡನ್ನೂ ಕೂಡಿಸಿದಾಗ 91. ನೆದರ್‌ಲ್ಯಾಂಡಿನಲ್ಲಿ ಅತಿ ಸಾಂದ್ರಸ್ತನದವರನ್ನು ಎಂ.ಆರ್.ಐ.ಗೆ ಆಹ್ವಾನಿಸಿದಾಗ, ಎರಡು ತಪಾಸಣೆಗಳ ನಡುವೆ ತಲೆದೋರುವ ಅರ್ಬುದಗಳು ಸಾವಿರಕ್ಕೆ 5ರಿಂದ 2.5ಕ್ಕೆ ಇಳಿದುವು. ಆದರೆ ಎಂ.ಆರ್.ಐ. ಮಾಡಿಸಿಕೊಂಡ ಸಾವಿರ ಜನರಲ್ಲಿ ಸುಮಾರು 80 ಮಂದಿ ರೋಗವಿಲ್ಲದೆಯೂ ಭಯಪಟ್ಟು ಮರುಪರೀಕ್ಷೆಗೆ ಒಳಗಾದರು. ಈ ಬೆಲೆಯನ್ನು ಮರೆಮಾಚಬಾರದು.

ನಮ್ಮ ದೇಶದಲ್ಲಿ ಈ ರೋಗವು ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ ಬರುವುದು. ಆ ವಯಸ್ಸಿನಲ್ಲಿ ಸ್ತನದ ಸಾಂದ್ರತೆಯೂ ಹೆಚ್ಚು. ಸರಕಾರದ ಯೋಜನೆಯಲ್ಲಿ ಮೂವತ್ತರಿಂದ ಅರವತ್ತೈದರವರಿಗೆ ಇರುವುದು ಕೈಯಿಂದ ಮಾಡುವ ಪರೀಕ್ಷೆ ಮಾತ್ರ. ಅದನ್ನು ಹೀನೈಸಬೇಡಿರಿ. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಸ್ತ್ರೀಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಐವತ್ತು ದಾಟಿದವರೊಳಗೆ ಈ ರೋಗದ ಮರಣವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಐವತ್ತರೊಳಗಿನವರಿಗೆ ಮಾತ್ರ ಆ ಲಾಭವು ಕಾಣಲಿಲ್ಲ.

ಆದುದರಿಂದ ಮ್ಯಾಮೊಗ್ರಾಮ್ ಮಾಡಿಸಿದವರು ವರದಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಯಾವುದಿದೆಯೆಂದು ನೋಡತಕ್ಕದ್ದು. ಸಿ ಅಥವಾ ಡಿ ಇದ್ದರೆ ಸಾಂದ್ರವೆಂದರ್ಥ. ಅಲ್ಟ್ರಾಸೌಂಡ್ ಬೇಕೇ ಎಂದು ವೈದ್ಯರನ್ನು ಕೇಳಿರಿ. ನಮ್ಮವರು ಬಸುರಿಯರ ಸ್ಕ್ಯಾನಿಂಗ್ ಎಂದು ಬಲ್ಲ ಯಂತ್ರವೇ ಅದು. ಅದರಲ್ಲಿ ಕ್ಷ-ಕಿರಣವಿಲ್ಲ, ಧ್ವನಿತರಂಗ ಮಾತ್ರ. ತಾಯಿಗೋ ಅಕ್ಕತಂಗಿಯರಿಗೋ ಈ ರೋಗವಿದ್ದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿರಿ. ಗಂಟು ಕೈಗೆ ಹತ್ತಿದರೆ, ವರದಿಯು ನಿನ್ನೆಯದೇ ಆಗಿ ನಿರ್ದೋಷವೆಂದಿದ್ದರೂ, ಮತ್ತೆ ತೋರಿಸಲೇಬೇಕು. ಹಳೆಯ ಚಿತ್ರಗಳನ್ನು ಹೊಲದ ಉತಾರದೊಡನೆ ಪೆಟ್ಟಿಗೆಯಲ್ಲಿ ಕಾದಿಟ್ಟು ಮುಂದಿನ ಸಲ ಒಯ್ಯಿರಿ; ಹೊಸ ಚಿತ್ರವನ್ನು ವೈದ್ಯರು ಅವುಗಳೊಡನೆ ಹೋಲಿಸಿ ನೋಡುವರು.