ಮನೆಮಾತಿನ ಪಾಡ್‌ಕಾಸ್ಟ್: ಗಡಿಸೀಮೆಯ ಗುರುಗಳಿಗೊಂದು ಮನವಿ

ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಗುರುಗಳೇ, ಪಾಲಕರೇ,

ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಅವ್ವನ ಕೂಡ ಕನ್ನಡ ಮಾತಾಡಿ, ಪಾಟಿಚೀಲ ಹೊತ್ತು ಮರಾಠಿ ಶಾಲೆಗೆ ಹೋಗುತ್ತಾರೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಆಳಂದ, ಬಸವಕಲ್ಯಾಣ ಮೈಸೂರಿನ ಕಡೆ, ನಾವು ಮುಂಬಯಿಯ ಕಡೆ ಆದ ಮೇಲೆ ಹೀಗೇ ನಡೆದಿದೆ. ಮರಾಠಿ ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಅದು ಓಣಿಯ ಭಾಷೆ, ಅನ್ನದ ಭಾಷೆ. ಆದರೆ ಈ ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಅವರ ಕನ್ನಡವೆಲ್ಲ ಕಿವಿ, ನಾಲಿಗೆಯಲ್ಲೇ ಇದೆ. ಹಾಗಾದರೆ ಅಲ್ಲಿಂದಲೇ ಶುರುಮಾಡೋಣ.

ಮೂರು, ನಾಲ್ಕನೇ ಇಯತ್ತೆಯ ಮಕ್ಕಳಿಂದ ತಿಂಗಳಿಗೊಂದು ಹತ್ತು ನಿಮಿಷದ ಪಾಡ್‌ಕಾಸ್ಟ್ ಮಾಡಿಸಿ. ಅಮೆರಿಕದ ಓಮಾಹಾದಲ್ಲಿ ವಿಲೋಡೇಲ್ ಪ್ರಾಥಮಿಕ ಶಾಲೆಯ ಮಕ್ಕಳು 2005ರಲ್ಲೇ ‘ರೇಡಿಯೊ ವಿಲೋವೆಬ್’ ನಡೆಸಿದ್ದರು. ಈಗ ನಿಮ್ಮ ಕಿಸೆಯ ಮೊಬೈಲೇ ಸಾಕು. ಬಾಗಿಲಿಗೊಂದು ದಪ್ಪ ಕೌದಿ ಇಳಿಬಿಟ್ಟರೆ ಹೊರಗಿನ ಗದ್ದಲವೂ ತಗ್ಗುತ್ತದೆ.

ವಿಷಯಕ್ಕೇನು ಬರ? ಎಳ್ಳ ಅಮಾವಾಸ್ಯೆಯನ್ನೇ ತಗೊಳ್ಳಿ. ಹೊಲದಲ್ಲಿ ಕಣಕಿಯ ಕೊಪ್ಪಿ ಕಟ್ಟುವುದು, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುವುದು, ಚರಗ ಚೆಲ್ಲುವುದು, ಭಜ್ಜಿ, ಅಂಬಲಿ, ಎಲ್ಲವನ್ನೂ ಮಕ್ಕಳು ಆಯಿ ಮುತ್ಯಾರ ಬಾಯಿಂದ ಕೇಳಿ ತರಲಿ. ಪ್ರಶ್ನೆಗಳನ್ನು ಮರಾಠಿಯ ಬಾಳಬೋಧ ಲಿಪಿಯಲ್ಲಿ ಬರೆದುಕೊಂಡರೂ ನಡೆದೀತು, ಕೇಳುವುದು ಮಾತ್ರ ಕನ್ನಡದಲ್ಲಿ. ಇದೇ ಹಬ್ಬ ಮರಾಠಿ ಮನೆಗಳಲ್ಲಿ ವೇಳ ಅಮಾವಾಸ್ಯೆ. ಆ ಮಕ್ಕಳು ತಮ್ಮ ಅಜ್ಜಿಯನ್ನು ಮರಾಠಿಯಲ್ಲೇ ಮಾತಾಡಿಸಲಿ. ಎರಡೂ ಒಂದೇ ಕಂತಿನಲ್ಲಿರಲಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕಂಡ ಹಿರಿಯರೂ ನಮ್ಮಲ್ಲಿದ್ದಾರೆ. ಅವರು ಮನಸ್ಸು ಮಾಡಿದರೆ ಹೇಳಲಿ, ಒತ್ತಾಯ ಬೇಡ.

ಇದರಲ್ಲಿ ಕಲಿಕೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂದು ಮಕ್ಕಳೇ ಗುದ್ದಾಡಬೇಕು. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳದೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ತನ್ನ ದನಿಯನ್ನು ತಾನೇ ಕೇಳಿದ ಮಗು ‘ಸರ್, ಇನ್ನೊಮ್ಮೆ ಹೇಳತೀನಿ’ ಅನ್ನುತ್ತದೆ. ಕೆಂಪು ಶಾಯಿಯ ತಿದ್ದುಪಡಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಒಂದೇ ಬೇಡಿಕೆ: ಅವರ ಕನ್ನಡವನ್ನು ‘ಶುದ್ಧ’ ಮಾಡಲು ಹೋಗಬೇಡಿ. ಬೆಂಗಳೂರಿನ ವಾರ್ತೆಯ ಧಾಟಿ ಗುಂಜೋಟಿಗೆ ಬೇಕಿಲ್ಲ.

ಮೇಲಿನವರು ಪ್ರಶ್ನಿಸಿದರೆ ಸಂವಿಧಾನದ 350ಎ ವಿಧಿ ತೋರಿಸಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ. ಪಾಲಕರ ಒಪ್ಪಿಗೆ ಮೊದಲೇ ಪಡೆಯಿರಿ, ಮಕ್ಕಳ ಪೂರ್ತಿ ಹೆಸರು ಹೇಳಿಸಬೇಡಿ, ಕಂತು ಸದ್ಯ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಇರಲಿ.

ಆಳಂದ, ಬಸವಕಲ್ಯಾಣದ ಗುರುಗಳಲ್ಲೂ ವಿನಂತಿ. ಪಾಲಕರು ಒಪ್ಪಿ ಈ ಕಡೆಯ ಕಂತು ನಿಮಗೆ ಬಂದರೆ ತರಗತಿಯಲ್ಲಿ ಕೇಳಿಸಿ, ನಿಮ್ಮ ಮಕ್ಕಳ ಪ್ರಶ್ನೆಗಳನ್ನು ಅವರದೇ ದನಿಯಲ್ಲಿ ಕಳಿಸಿಕೊಡಿ. ಬರುವ ಎಳ್ಳ ಅಮಾವಾಸ್ಯೆಗೆ ಮೊದಲ ಕಂತು ಸಿದ್ಧವಾಗಲಿ.