ತಾಯಿ ಕೇಳಿದ ಪ್ರಶ್ನೆ

ಹೋದ ತಿಂಗಳು ನಮ್ಮ ಮಗಳಿಗೆ ಹೆರಿಗೆಯಾಯಿತು. ಮೂರನೆಯ ದಿನ ಆಸ್ಪತ್ರೆಯ ದಾದಿಯೊಬ್ಬಳು ಬಂದು, ಕೂಸಿನ ಹಿಮ್ಮಡಿಯನ್ನು ಸಣ್ಣ ಸೂಜಿಯಿಂದ ಚುಚ್ಚಿ, ದಪ್ಪನೆಯ ಕಾಗದವೊಂದರ ಮೇಲೆ ನಾಲ್ಕಾರು ತೊಟ್ಟು ರಕ್ತವನ್ನು ಇಳಿಸಿಕೊಂಡು ಹೋದಳು. ಇದನ್ನು ಕಂಡು ನಮ್ಮ ಗೃಹಿಣಿಯು ಬಹಳ ನೊಂದುಕೊಂಡು, "ಏನೂಂದ್ರೆ, ರೋಗವಿಲ್ಲ ರುಜಿನವಿಲ್ಲ, ಮೂರು ದಿನದ ಹಸುಗೂಸಿಗೆ ಇದೆಂಥ ಶಿಕ್ಷೆ? ನೀವಾದರೂ ಬೇಡವೆನ್ನಬಾರದಿತ್ತೆ?" ಎಂದು ನಮ್ಮನ್ನೇ ಆಕ್ಷೇಪಿಸಿದಳು. ವಾಚಕರ ಮನೆಗಳಲ್ಲಿಯೂ ಈ ಮಾತು ಏಳತಕ್ಕದ್ದೇ ಆದುದರಿಂದ, ಆಕೆಗೆ ನಾವು ಕೊಟ್ಟ ಉತ್ತರವನ್ನೇ ಈ ಸಲ ಇಲ್ಲಿ ಬರೆಯುತ್ತೇವೆ.

ಆ ಕಾಗದದ ಕಥೆಯು ನಾರ್ವೆ ದೇಶದಲ್ಲಿ ಮೊದಲಾಗುತ್ತದೆ. ಅಲ್ಲಿ ಒಬ್ಬ ತಾಯಿಗೆ ಇಬ್ಬರು ಮಕ್ಕಳಿದ್ದರು. ಹುಟ್ಟುವಾಗ ಇಬ್ಬರೂ ಲಕ್ಷಣವಾಗಿಯೇ ಇದ್ದರು. ಬೆಳೆಯುತ್ತ ಬಂದಂತೆ ಇಬ್ಬರ ಬುದ್ಧಿಯೂ ಕುಂಠಿತವಾಯಿತು. ಹಿರಿಯ ಹೆಣ್ಣುಮಗುವಿಗೆ ಕೆಲವೇ ಮಾತುಗಳು ಬಂದವು. ಕಿರಿಯ ಗಂಡುಮಗುವಿಗೆ ನಡೆಯೂ ಬಾರದೆ ನುಡಿಯೂ ಬಾರದೆ ಹೋಯಿತು. ಮಕ್ಕಳ ಮೈಯಿಂದ ಒಂದು ಬಗೆಯ ವಿಚಿತ್ರ ವಾಸನೆ ಬರುತ್ತಿದ್ದುದನ್ನು ತಾಯಿಯು ಗಮನಿಸಿದ್ದಳು. "ಇದೇಕೆ ಹೀಗೆ?" ಎಂದು ಆಕೆಯು ವೈದ್ಯರಿಂದ ವೈದ್ಯರಿಗೆ ಅಲೆದಳು. ಉತ್ತರ ಕೊಟ್ಟವರಿಲ್ಲ, ಆದರೂ ಆಕೆಯು ಕೇಳುವುದನ್ನು ಬಿಡಲಿಲ್ಲ. ಕಡೆಗೆ 1934ರಲ್ಲಿ ಓಸ್ಲೋ ನಗರದ ಆಸ್ಬ್ಯೋರ್ನ್ ಫಾಲಿಂಗ್ ಎಂಬ ವೈದ್ಯರ ಬಳಿಗೆ ಬಂದಳು. ಅವರು ರಸಾಯನ ಶಾಸ್ತ್ರವನ್ನೂ ಓದಿದ್ದವರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ದ್ರಾವಣವನ್ನು ಬೆರೆಸಲು ಅದು ಕಡು ಹಸುರಾಯಿತು. ಹಿಂದೆಂದೂ ಕಾಣದ ಬಣ್ಣ! ಬೇರೊಬ್ಬರಾಗಿದ್ದರೆ ಚೆಲ್ಲಿಬಿಡುತ್ತಿದ್ದರೇನೋ. ಇವರು ಮತ್ತೆ ಮತ್ತೆ ಮೂತ್ರವನ್ನು ತರಿಸಿಕೊಂಡು, ಶೋಧಿಸಿ, ಆ ಬಣ್ಣಕ್ಕೆ ಕಾರಣವಾದ ವಸ್ತುವನ್ನು ಪ್ರತ್ಯೇಕಿಸಿ ಗುರುತಿಸಿದರು. ಬಳಿಕ ಇಂಥವರಿಗಾಗಿ ಇದ್ದ ಆಶ್ರಮಗಳಲ್ಲಿನ 430 ಮಂದಿಯನ್ನು ಪರೀಕ್ಷಿಸಲು, ಇನ್ನೂ ಎಂಟು ಮಂದಿಯಲ್ಲಿ ಅದೇ ಹಸುರು ಕಾಣಿಸಿತು. ಈ ರೋಗಕ್ಕೆ ಈಗ ಫಿನೈಲ್‌ಕೀಟೋನೂರಿಯ ಎಂದು ಹೆಸರು.

ಇದರ ಮರ್ಮವಿಷ್ಟೆ: ಹಾಲು, ಬೇಳೆ, ಧಾನ್ಯ ಮೊದಲಾದ ಆಹಾರದ ಪ್ರೋಟೀನುಗಳಲ್ಲೆಲ್ಲ ಫಿನೈಲ್‌ಅಲನೀನ್ ಎಂಬುದೊಂದು ಅಂಶವುಂಟು. ಅದನ್ನು ಪರಿವರ್ತಿಸತಕ್ಕ ಒಂದು ಕಿಣ್ವವು ನಮ್ಮ ಯಕೃತ್ತಿನಲ್ಲಿರುತ್ತದೆ. ಈ ಮಕ್ಕಳಲ್ಲಿ ಆ ಕಿಣ್ವವು ಕೆಲಸಮಾಡದಿರುವುದರಿಂದ, ಆ ಅಂಶವು ರಕ್ತದಲ್ಲಿ ಸೇರುತ್ತ ಸೇರುತ್ತ ಎಳೆಯ ಮಿದುಳನ್ನು ಕೆಡಿಸುತ್ತದೆ. ತಾಯಿಯ ಹಾಲೇ ಕೂಸಿಗೆ ಅಹಿತವಾಗುವುದೆಂದರೆ ಇದಕ್ಕಿಂತ ದಾರುಣವಾದುದೇನುಂಟು?

ಕಾರಣ ತಿಳಿದರೂ ಚಿಕಿತ್ಸೆಗೆ ಮತ್ತೊಬ್ಬ ತಾಯಿಯೇ ಬೇಕಾಯಿತು. 1951ರ ಸುಮಾರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರು ಒಂದು ಮಗುವಿಗೆ ಈ ರೋಗವಿರುವುದನ್ನು ಕಂಡುಹಿಡಿದರು. ಕಂಡುಹಿಡಿದದ್ದಾಯಿತು, ಮುಂದೇನು? ಆ ತಾಯಿಯು ದಿನವೂ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲಿಗೆ ಬಂದು, "ನನ್ನ ಮಗುವಿಗೆ ಏನು ಮಾಡುತ್ತೀರಿ?" ಎಂದು ಕೇಳತೊಡಗಿದಳು. ಆಕೆಯ ಕಾಟವನ್ನು ತಾಳಲಾರದೆಯೋ, ಕರುಳು ಕರಗಿಯೋ, ಬಿಕೆಲರೂ ಅವರ ಸಂಗಡಿಗರೂ ಆ ಒಂದು ಅಂಶವನ್ನು ಮಾತ್ರ ಇದ್ದಲಿನ ಮೂಲಕ ಸೋಸಿ ತೆಗೆದ ವಿಶೇಷ ಆಹಾರವನ್ನು ಸಿದ್ಧಪಡಿಸಿದರು. ಸದಾ ಅಳುತ್ತ ತಲೆಯನ್ನು ಚಚ್ಚಿಕೊಳ್ಳುತ್ತಿದ್ದ ಮಗುವು ಕೆಲವು ತಿಂಗಳಲ್ಲಿ ಅಂಬೆಗಾಲಿಟ್ಟಿತು, ಎದ್ದು ನಿಂತಿತು, ಕಣ್ಣುಗಳಲ್ಲಿ ಕಳೆ ಬಂದಿತು. ಇದು ಆಹಾರದ ಗುಣವೇ ಅಲ್ಲವೇ ಎಂದು ನಿಶ್ಚಯಿಸಲು ವೈದ್ಯರು ತಾಯಿಗೆ ಹೇಳದೆ ಆ ಅಂಶವನ್ನು ಮತ್ತೆ ಬೆರೆಸಿ ಕೊಟ್ಟರು. ಮಗುವು ಕೆಲವೇ ದಿನಗಳಲ್ಲಿ ಹಿಂದಿನ ಸ್ಥಿತಿಗೆ ಇಳಿಯಿತು, ತಾಯಿಯು ಅದನ್ನು ಕೂಡಲೇ ಕಂಡುಕೊಂಡಳು. ಹೇಳದೆ ಮಾಡಿದ್ದು ಸರಿಯೇ ಎಂದು ನಮ್ಮ ಗೃಹಿಣಿಯು ಕೇಳಿದಳು. ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಬಿಕೆಲರು 1953ರಲ್ಲಿ ಪ್ರಕಟಿಸಿದ ಈ ವೃತ್ತಾಂತದಿಂದ ಲೋಕಕ್ಕೆ ದಾರಿ ತಿಳಿಯಿತು. ದುಃಖದ ಸಂಗತಿಯೆಂದರೆ, ಆ ಮಗುವಿಗೆ ಆಗಲೇ ಕಾಲ ಮೀರಿತ್ತು. ಕೆಟ್ಟ ಮಿದುಳು ಪೂರ್ಣವಾಗಿ ಮರಳಲಿಲ್ಲ.

ಹಾಗಾದರೆ ಕೆಡುವ ಮೊದಲೇ ತಿಳಿಯುವುದೆಂತು? ಅಮೆರಿಕೆಯ ಬಫಲೋ ನಗರದ ರಾಬರ್ಟ್ ಗಥ್ರಿ ಎಂಬವರು ಸೂಕ್ಷ್ಮಾಣು ವಿಜ್ಞಾನಿಗಳು. ಅವರ ಸ್ವಂತ ಮಗನೇ ಬುದ್ಧಿಮಾಂದ್ಯನಾಗಿದ್ದನು. ಅವರ ಪತ್ನಿಯ ಸೋದರಿಯ ಮಗುವಿಗೆ ಇದೇ ರೋಗವಿತ್ತು. ಹಿಮ್ಮಡಿಯ ರಕ್ತವನ್ನು ಕಾಗದದ ಮೇಲೆ ಒಣಗಿಸಿ, ಒಂದು ಬಗೆಯ ಸೂಕ್ಷ್ಮಾಣುಗಳ ನೆರವಿನಿಂದ ರೋಗವನ್ನು ಪತ್ತೆಮಾಡುವ ಸುಲಭೋಪಾಯವನ್ನು ಅವರು 1960ರ ದಶಕದ ಆರಂಭದಲ್ಲಿ ಕಲ್ಪಿಸಿದರು. ನಮ್ಮ ಮೊಮ್ಮಗುವಿನ ಹಿಮ್ಮಡಿಯ ಕೆಳಗೆ ದಾದಿಯು ಹಿಡಿದುದು ಆ ಕಾಗದದ ವಂಶದ್ದೇ.

ಈ ರೋಗವು ನಮ್ಮಲ್ಲಿ ವಿರಳವೆಂದು ಯಾರಾದರೂ ಹೇಳಿಯಾರು. ಒಪ್ಪತಕ್ಕ ಮಾತೇ. ಆದರೆ ಅದೇ ರಕ್ತದಿಂದ ಕಂಡುಹಿಡಿಯಬಹುದಾದ ಮತ್ತೊಂದು ಕೊರತೆಯು ನಮ್ಮಲ್ಲಿ ಅಷ್ಟು ವಿರಳವಲ್ಲ. ಕಂಠದ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯುಂಟು. ಅದರಿಂದ ಒಸರುವ ಹಾರ್ಮೋನಿಲ್ಲದೆ ಎಳೆಯ ಮಿದುಳು ಬೆಳೆಯಲಾರದು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಆ ಗ್ರಂಥಿಯಿರುವುದಿಲ್ಲ, ಇದ್ದರೂ ಸಾಲದು. ಭಾರತದ ನಾನಾ ನಗರಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಒಂದು ಲಕ್ಷಕ್ಕೆ ಮಿಕ್ಕಿದ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು 1,100 ಶಿಶುಗಳಿಗೆ ಒಂದರಂತೆ ಈ ಕೊರತೆ ಕಂಡುಬಂದಿತು. ಗರ್ಭದಲ್ಲಿ ತಾಯಿಯ ಹಾರ್ಮೋನು ಒಂದಿಷ್ಟು ಕಾಪಾಡಿರುವುದರಿಂದ, ಹುಟ್ಟಿದ ಕೂಸು ಸಾಧಾರಣವಾಗಿ ಚೆನ್ನಾಗಿಯೇ ಕಾಣುತ್ತದೆ. ಮೊದಲ ಎರಡು ವಾರಗಳಲ್ಲಿ ಗುರುತಿಸಿ, ಅಗ್ಗದ ಒಂದು ಸಣ್ಣ ಗುಳಿಗೆಯನ್ನು ದಿನವೂ ಅರೆದು ಕುಡಿಸಿದರೆ ಮಗುವು ಎಲ್ಲರಂತೆ ಬೆಳೆಯುತ್ತದೆ. ತಡವಾದಷ್ಟೂ ನಷ್ಟ ಹೆಚ್ಚು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ, ಒಂಬತ್ತು ವರ್ಷದ ಹುಡುಗನೊಬ್ಬನು ಐದು ವರ್ಷದವನಷ್ಟೇ ಎತ್ತರವಾಗಿದ್ದು, ಅಕ್ಷರವನ್ನು ಹಿಡಿಯಲಾರದೆ ಮೂಲೆಯಲ್ಲಿ ತೂಗಡಿಸುತ್ತಿದ್ದನು. ಅವನ ತಾಯಿಯು ಬಂದು, "ಮೇಷ್ಟ್ರೇ, ಎಳೆಯದರಲ್ಲೇ ಇವನು ಹಾಲಿಗೂ ಅಳುತ್ತಿರಲಿಲ್ಲ, ಮೈ ಯಾವಾಗಲೂ ತಣ್ಣಗೆ, ಮಲಬದ್ಧತೆ ಬೇರೆ. ಯಾಕೆ ಹೀಗೆ?" ಎಂದು ಕೇಳಿದಳು. ನಾವು ಪ್ರಾಕ್ತನ ಕರ್ಮವನ್ನು ಕುರಿತು ಒಂದು ಶ್ಲೋಕವನ್ನು ಹೇಳಿ, ಅರ್ಥವನ್ನೂ ವಿವರಿಸಿ ಕಳುಹಿಸಿದೆವು. ಆಕೆಯು ಹೇಳಿದ್ದು ರೋಗದ ಲಕ್ಷಣವೆಂಬುದು ನಮಗೆ ಹೊಳೆಯಲೇ ಇಲ್ಲ. ಮರು ವರ್ಷ ಪಟ್ಟಣದ ವೈದ್ಯರೊಬ್ಬರು ಕಾರಣವನ್ನು ಕಂಡು ಗುಳಿಗೆಯನ್ನು ಕೊಟ್ಟರು. ಹುಡುಗನು ಎತ್ತರವಾದನು, ಚುರುಕಾದನು. ಕಲಿಕೆಯು ಮಾತ್ರ ಬರಲಿಲ್ಲ. ನಮ್ಮ ಶಾಸ್ತ್ರಗಳು ಜಿಜ್ಞಾಸೆಯಿಂದಲೇ ಮೊದಲಾಗುವುವೆಂದು ಮಕ್ಕಳಿಗೆ ಪಾಠ ಹೇಳಿದ ನಾವು, ಜಿಜ್ಞಾಸೆಯು ಬಾಗಿಲಿಗೆ ಬಂದಾಗ ಅದರ ಬಾಯನ್ನು ಮುಚ್ಚಿಸಿದೆವು. ಈ ಅಪರಾಧವನ್ನು ನಾವು ಮರೆತಿಲ್ಲ.

ಮನೆಯ ಹಿರಿಯರಿಗೆ ಇನ್ನೊಂದು ಮಾತು. ಇಂಥ ಮಗು ಹುಟ್ಟಿದರೆ ಸೊಸೆಯನ್ನು ದೂರುವ ಪದ್ಧತಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಥೈರಾಯ್ಡಿನ ಕೊರತೆಯು ಬಹುಮಟ್ಟಿಗೆ ಯಾರ ವಂಶದಿಂದಲೂ ಬಂದುದಲ್ಲ. ಫಿನೈಲ್‌ಕೀಟೋನೂರಿಯದಂಥವು ಬರುವುದಾದರೋ ತಂದೆತಾಯಿಗಳಿಬ್ಬರಿಂದಲೂ ಒಂದೊಂದು ದೋಷಾಂಶ ಸೇರಿದಾಗ ಮಾತ್ರ. ಇಬ್ಬರೂ ಆರೋಗ್ಯವಂತರೇ; ಅಂಶವು ಒಳಗೆ ಅಡಗಿರುವುದು ಅವರಿಗೇ ತಿಳಿಯದು. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಸೋದರಮಾವನಿಗೆ ಮಗಳನ್ನು ಕೊಡುವ ನಮ್ಮ ಕಡೆಯ ರೂಢಿಯಲ್ಲಿ, ಒಂದೇ ಮನೆತನದ ಅಡಗಿದ ಅಂಶವು ಎರಡೂ ಕಡೆಯಿಂದ ಕೂಡುವ ಸಂಭವ ಹೆಚ್ಚೆಂಬುದನ್ನೂ ಸಂಬಂಧ ಬೆಳೆಸುವವರು ಯೋಚಿಸತಕ್ಕದ್ದು.

ನಮ್ಮ ದೇಶದಲ್ಲಿ ಈ ಪರೀಕ್ಷೆಯು ಎಲ್ಲ ಆಸ್ಪತ್ರೆಗಳಲ್ಲಿಯೂ ತಾನಾಗಿ ನಡೆಯುವುದಿಲ್ಲ. ಆದುದರಿಂದ ಹೆರಿಗೆಗೆ ಮುಂಚೆಯೇ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಕೂಸಿಗೆ ಎರಡು ದಿನ ತುಂಬಿದ ಮೇಲೆ ಮಾಡಿಸಿ, ಫಲಿತಾಂಶವನ್ನು ಮರೆಯದೆ ತರಿಸಿಕೊಳ್ಳಬೇಕು. ಕೂಸು ಅತಿಯಾಗಿ ನಿದ್ರಿಸುತ್ತಿದ್ದರೆ, ಕಾಮಾಲೆಯು ಬಹುದಿನ ಇಳಿಯದಿದ್ದರೆ, ಅಳುವಿನ ಧ್ವನಿಯು ಒಡಕಾಗಿದ್ದರೆ, "ಸಾಧು ಮಗು" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಎಲ್ಲಕ್ಕೂ ಮಿಗಿಲಾಗಿ, "ಯಾಕೋ ಸರಿಯಿಲ್ಲ" ಎಂದು ತಾಯಿಯು ಹೇಳಿದರೆ ಮನೆಯವರು ಅದನ್ನು ಅಲ್ಲಗಳೆಯಬಾರದು.

ನಮ್ಮ ಮೊಮ್ಮಗುವಿನ ಫಲಿತಾಂಶವು ಬಂದಿತು, ದೋಷವೇನೂ ಇಲ್ಲ. ಸೂಜಿಯನ್ನು ಆಕ್ಷೇಪಿಸಿದ ನಮ್ಮ ಗೃಹಿಣಿಯೇ ಆ ಕಾಗದವನ್ನು ಎರಡು ಸಲ ಓದಿಸಿಕೊಂಡು, ಮಗುವಿನ ಜನ್ಮಕಾಲವನ್ನು ಗುರುತುಹಾಕಿದ ಪಂಚಾಂಗದೊಳಗೆ ಜೋಪಾನವಾಗಿ ಇರಿಸಿದ್ದಾಳೆ. ವಾಚಕರಲ್ಲಿ ಒಂದು ಮನೆಯವರಾದರೂ ಸಕಾಲದಲ್ಲಿ ಈ ಪರೀಕ್ಷೆಯನ್ನು ಮಾಡಿಸಿದರೆ ನಮ್ಮ ಈ ಬರೆಹವು ಸಾರ್ಥಕವೆಂದು ಭಾವಿಸುತ್ತೇವೆ.