ಮೊದಲ ಮಳೆ ಮತ್ತು ಕೆರೆಯ ಲೆಕ್ಕ

ಮುಂಗಾರಿನ ಹದಮಳೆಗೆ ಗೋವಿನಜೋಳ ಬಿತ್ತಿ, ಎರಡು ಮೂರು ದಿನಗಳೊಳಗೆ ಅಟ್ರಾಜಿನ್ ಎಂಬ ಕಳೆನಾಶಕವನ್ನು ಸಿಂಪಡಿಸುವುದು ಹಾವೇರಿ, ದಾವಣಗೆರೆ ಸೀಮೆಯಲ್ಲಿ ರೂಢಿಯಾಗಿದೆ. ಕಳೆ ತೆಗೆಯಲು ಆಳು ದೊರೆಯದ ಈ ಕಾಲದಲ್ಲಿ ರೈತಬಂಧುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಸಿಂಪಡಿಸಿದ ಮರುದಿನವೇ ದೊಡ್ಡ ಮಳೆ ಸುರಿದರೆ ಆ ಔಷಧ ಎಲ್ಲಿಗೆ ಹೋಗುತ್ತದೆಂಬುದನ್ನು ಕೇಳಲೇಬೇಕಾಗಿದೆ. ಹೊಲದಿಂದ ಹರಿದ ನೀರು ಸೇರುವುದು ಊರ ಕೆರೆಗೆ. ಎಷ್ಟೋ ಊರುಗಳಲ್ಲಿ ಜನರೂ ದನಕರುಗಳೂ ಕುಡಿಯುವುದು ಅದನ್ನೇ.

ಇದಕ್ಕೆ ಗಣಿತದಿಂದ ಉತ್ತರ ಹುಡುಕುವ ಪದ್ಧತಿಯೊಂದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಥ ರಾಸಾಯನಿಕಗಳನ್ನು ತೂಗಿ ನೋಡುವಾಗ ಒಂದು ಕಲ್ಪಿತ ಹೊಂಡವನ್ನು ಇಟ್ಟುಕೊಳ್ಳುತ್ತದೆ: 10 ಹೆಕ್ಟೇರ್ ಹೊಲ, ಅದರ ನೀರು ಬಂದು ಸೇರುವ 1 ಹೆಕ್ಟೇರ್ ವಿಸ್ತಾರದ, 2 ಮೀಟರ್ ಆಳದ ಹೊಂಡ. ಹಲವು ವರ್ಷಗಳ ದಿನದಿನದ ಮಳೆ, ಮಣ್ಣಿನ ಗುಣ, ಔಷಧವು ಮಣ್ಣಿಗೆ ಅಂಟುವ ಬಗೆ, ಅದು ವಿಘಟನೆಯಾಗಲು ಹಿಡಿಯುವ ಕಾಲ ಇವನ್ನು ಗಣಕಯಂತ್ರಕ್ಕೆ ಒದಗಿಸಿದರೆ ನೀರಿನಲ್ಲಿ ಎಷ್ಟು ಸೇರಬಹುದೆಂಬ ಅಂದಾಜು ದೊರೆಯುತ್ತದೆ. ಯುರೋಪಿನವರು ತಮ್ಮ ನೆಲ, ಹವೆಗಳಿಗೆ ಹೊಂದುವ 10 ಸನ್ನಿವೇಶಗಳನ್ನು ರೂಪಿಸಿಕೊಂಡಿದ್ದಾರೆ.

ಒರಟು ಲೆಕ್ಕವನ್ನು ನಾವೂ ಹಾಕಬಹುದು. ಹೆಕ್ಟೇರಿಗೆ 1 ಕಿಲೋ ಮೂಲವಸ್ತುವಿನಂತೆ 10 ಹೆಕ್ಟೇರಿಗೆ 10 ಕಿಲೋ. ನೂರರಲ್ಲಿ ಒಂದು ಪಾಲು ಮಾತ್ರ ಹರಿದುಹೋಯಿತೆನ್ನೋಣ, 100 ಗ್ರಾಂ. ಹೊಂಡದಲ್ಲಿರುವುದು 2 ಕೋಟಿ ಲೀಟರ್ ನೀರು. ಅಲ್ಲಿಗೆ ಲೀಟರಿಗೆ 5 ಮೈಕ್ರೋಗ್ರಾಂ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಅಟ್ರಾಜಿನ್‌ಗೆ ವಿಧಿಸಿರುವ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ.

ಇದು ತುಂಬಿದ ಹೊಂಡದ ಲೆಕ್ಕ. ನಮ್ಮ ಕೆರೆಗಳಾದರೋ ಜೂನ್ ತಿಂಗಳಲ್ಲಿ ತಳ ಕಂಡಿರುತ್ತವೆ. ಔಷಧವನ್ನು ತಿಳಿಯಾಗಿಸಲು ಅಲ್ಲಿ ಹಳೆಯ ನೀರೇ ಇರುವುದಿಲ್ಲ. ಎರೆಭೂಮಿ ಒಮ್ಮೆ ನೆನೆದು ಉಬ್ಬಿದ ಮೇಲೆ ಮಳೆಯನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ, ಹೊರಗೆ ಹರಿಸುವುದೇ ಹೆಚ್ಚು. ಅಟ್ರಾಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟುವ ಪದಾರ್ಥವೂ ಅಲ್ಲ, ನೀರಿನೊಡನೆ ಸಾಗುತ್ತದೆ. ಆದ್ದರಿಂದ ಪರದೇಶದ ಹೊಂಡವನ್ನು ಎರವಲು ತಂದು ನಮ್ಮ ಕೆರೆ ಸುರಕ್ಷಿತವೆಂದು ಹೇಳುವುದು ನಮಗೆ ಒಪ್ಪಿಗೆಯಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ನೀಡುವಾಗ ಮುಂಗಾರಿನ ಬರಿದಾದ ಕೆರೆಯೇ ಮಾದರಿಯಾಗಬೇಕು. ಇದೇನೂ ಅಸಾಧ್ಯವಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿಗಳಲ್ಲಿಯೇ ಇವೆ, ಮಣ್ಣಿನ ನಕ್ಷೆಗಳಿವೆ, ಕೃಷಿ ವಿಶ್ವವಿದ್ಯಾಲಯಗಳಿವೆ.

ಕುದಿಸಿ ಕುಡಿದರೆ ಸಾಕೆಂದು ಹಲವರು ನಂಬಿದ್ದಾರೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ, ಅಟ್ರಾಜಿನ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ.

ಸರ್ಕಾರದ ಲೆಕ್ಕ ಬರುವ ತನಕ ಕೆಲವು ಕೆಲಸ ನಮ್ಮ ಕೈಯಲ್ಲಿವೆ. ಮೋಡ ಕವಿದಾಗ ಸಿಂಪಡಣೆ ಬೇಡ. ಹಳ್ಳದ ಅಂಚಿನಲ್ಲಿ ಕೆಲವು ಮಾರು ಅಗಲ ಹುಲ್ಲು ಬೆಳೆಯಬಿಡಬೇಕು. ಸಿಂಪಡಣೆಯ ಡಬ್ಬಿಯನ್ನು ಕೆರೆಯಲ್ಲಿ ತೊಳೆಯುವುದನ್ನಂತೂ ಇಂದೇ ನಿಲ್ಲಿಸಬೇಕು. ಕೆರೆಯ ನೀರು ಕುಡಿಯುವ ಊರಿನವರು ಗ್ರಾಮಸಭೆಯಲ್ಲಿ ಪರೀಕ್ಷೆಗೆ ಒತ್ತಾಯಿಸಲಿ. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆಗೆ ಕಳೆನಾಶಕ ಸಿಕ್ಕುವುದಿಲ್ಲ, ಪ್ರಯೋಗಾಲಯಕ್ಕೇ ಕಳುಹಿಸಬೇಕು. ಮಾದರಿಯನ್ನು ತೆಗೆಯಬೇಕಾದುದು ಜನವರಿಯ ತಿಳಿನೀರಿನಲ್ಲಿ ಅಲ್ಲ, ಬಿತ್ತನೆಯ ನಂತರ ಹಳ್ಳ ಹರಿದ ಮೊದಲ ದಿನದ ಕೆಂಪು ನೀರಿನಲ್ಲಿ.